ಶಸ್ತ್ರವೆಲ್ಲವೂ ಹಿಂಸೆಯಲ್ಲ

ನಿನ್ನೆ ಮೆರವಣಿಗೆಯಲ್ಲಿ ಜರತಾರಿ ಹೊದ್ದು ನಡೆದ ಕುದುರೆ ಇಂದು ಲಾಯದಲ್ಲಿ ಹೊಟ್ಟೆಶೂಲೆಯಿಂದ ಹೊರಳಾಡಿದರೆ ಹೊಣೆ ಯಾರದು? ಬಾಯಿಗೆ ಎಣ್ಣೆ ಹೊಯ್ದು, ಅಂಗಳದಲ್ಲಿ ಸುತ್ತಾಡಿಸಿ, ಹೊಟ್ಟೆ ಕೊಯ್ಯುವುದು ಹಿಂಸೆ, ಅದರ ಕರ್ಮವಿದ್ದಂತೆ ಆಗಲಿ ಎಂದು ಕೈಕಟ್ಟಿ ಕೂರುವವರು ತಮ್ಮನ್ನು ದಯಾಪರರೆಂದೇ ಭಾವಿಸುತ್ತಾರೆ. ಇದು ದಯೆಯಲ್ಲ, ದಯೆಯ ವೇಷ ತೊಟ್ಟ ಉದಾಸೀನ.

ಹೊಟ್ಟೆಶೂಲೆಗಳಲ್ಲಿ ಹೆಚ್ಚಿನವು ಔಷಧೋಪಚಾರದಿಂದಲೇ ಗುಣವಾಗುತ್ತವೆ. ಆದರೆ ಸಣ್ಣ ಕರುಳು ತಿರುಚಿಕೊಂಡಾಗ, ಅಥವಾ ವಯಸ್ಸಾದ ಕುದುರೆಗಳಲ್ಲಿ ಕೊಬ್ಬಿನ ಗಂಟೊಂದರ ತೊಟ್ಟು ಕರುಳಿಗೆ ಉರುಳಿನಂತೆ ಸುತ್ತಿಕೊಂಡಾಗ, ಮಾತು ಬೇರೆ. ರಕ್ತಸಂಚಾರ ನಿಂತ ಕರುಳು ಕೆಲವೇ ಗಂಟೆಗಳಲ್ಲಿ ನಿರ್ಜೀವವಾಗುತ್ತದೆ. ಅದರ ವಿಷ ರಕ್ತಕ್ಕೇರುತ್ತದೆ. ಕುದುರೆಯೋ ವಾಂತಿ ಮಾಡಲಾರದ ಪ್ರಾಣಿ. ಮುಂದೆ ಸಾಗದ ದ್ರವ ಹಿಂದಿರುಗಿ ಜಠರವನ್ನು ತುಂಬುತ್ತದೆ. ವೈದ್ಯರು ಮೂಗಿನ ಮೂಲಕ ನಳಿಕೆ ಇಳಿಸಿ ಅದನ್ನು ಹೊರತೆಗೆಯದಿದ್ದರೆ ಜಠರವೇ ಒಡೆಯಬಹುದು. ಅಂಥ ಹೊಟ್ಟೆಗೆ ಎಣ್ಣೆ ಹೊಯ್ಯುವುದು ಉಪಚಾರವಲ್ಲ, ಅಪಚಾರ.

ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಬಾರಿ ಮಿಡಿಯುವ ಹೃದಯ 60ನ್ನು ದಾಟಿದರೆ, ನೋವುನಿವಾರಕ ಕೊಟ್ಟ ಮೇಲೂ ನೋವು ಮರುಕಳಿಸಿದರೆ, ಕಾಯುವ ಕಾಲ ಮುಗಿಯಿತೆಂದೇ ತಿಳಿಯಬೇಕು. ಕರುಳಿಗೆ ಉರುಳು ಬಿದ್ದುದು ಖಚಿತವಾದರೆ, ಪೂರ್ಣ ಅರಿವಳಿಕೆ ಕೊಟ್ಟು, ಹೊಟ್ಟೆಯ ನಡುಗೆರೆಯಲ್ಲಿ ತೆರೆದು, ಉರುಳು ಬಿಡಿಸಿ, ಸತ್ತ ಭಾಗವನ್ನು ತೆಗೆದು, ಉಳಿದ ತುದಿಗಳನ್ನು ಹೊಲಿದು ಜೋಡಿಸುವುದೇ ಉಳಿಸುವ ದಾರಿ. ಎಲ್ಲ ಕುದುರೆಗಳೂ ಬದುಕುವುದಿಲ್ಲ, ನಿಜ. ಆದರೆ ಬೇಗ ಶಸ್ತ್ರಚಿಕಿತ್ಸೆ ದೊರೆತವುಗಳಲ್ಲಿ ಹಲವು ಬದುಕುತ್ತವೆ. ತಡವಾದಷ್ಟೂ ಆಸೆ ಕುಗ್ಗುತ್ತದೆ.

ತತ್ತ್ವಾರ್ಥಸೂತ್ರವು ಅಹಿಂಸಾವ್ರತದ ಐದು ಅತಿಚಾರಗಳಲ್ಲಿ ಛೇದವನ್ನು ಹೇಳಿದೆಯಲ್ಲವೇ ಎಂದು ಕೆಲವರು ಕೇಳಬಹುದು. ಹೇಳಿದೆ. ಆದರೆ ಪ್ರಮಾದದಿಂದ ಪ್ರಾಣಹರಣ ಮಾಡುವುದೇ ಹಿಂಸೆಯೆಂದೂ ಅದೇ ಗ್ರಂಥ ಹೇಳಿದೆ. ಪ್ರಾಣ ಉಳಿಸಲೆಂದು ಎಚ್ಚರದಿಂದ ಕೊಯ್ಯುವ ಕೈ ಪ್ರಮಾದದ ಕೈಯಲ್ಲ. ಅತಿಭಾರ ಹೊರಿಸುವುದೂ ಅದೇ ಪಟ್ಟಿಯಲ್ಲಿದೆ. ಭಾರ ಹೊರಿಸುವಾಗ ನೆನಪಾಗದ ಶಾಸ್ತ್ರ ಚಿಕಿತ್ಸೆಯ ವೇಳೆಗೆ ಮಾತ್ರ ನೆನಪಾಗುವುದೇಕೆ? ಮನೆಯ ಮಗುವಿನ ಹೊಟ್ಟೆಯ ಶಸ್ತ್ರಕ್ರಿಯೆಗೆ ರಾತ್ರೋರಾತ್ರಿ ಒಪ್ಪಿಗೆ ಕೊಡುವವರು ಮೂಕಪ್ರಾಣಿಯ ವಿಷಯದಲ್ಲಿ ಪಂಡಿತರಾಗುವುದೇಕೆ?

ಇನ್ನೊಂದು ಮಾತು. ಸಂಕಟ ತಾಳಲಾರದ ಪ್ರಾಣಿಗೆ ದಯಾಮರಣ ಕೊಡುವುದನ್ನು ಸಮಾಜದಲ್ಲಿ ಅನೇಕರು ಒಪ್ಪುವುದಿಲ್ಲ. ಆ ನಿಲುವಿಗೆ ಗೌರವವಿರಲಿ. ಆದರೆ ಸಾವನ್ನೂ ಕೊಡೆವು, ಚಿಕಿತ್ಸೆಯನ್ನೂ ಕೊಡಿಸೆವು ಎಂಬವರು ಆ ಜೀವಕ್ಕೆ ಉಳಿಸುವುದು ನರಳಾಟವೊಂದನ್ನೇ. ದಯಾಮರಣವನ್ನು ನಿರಾಕರಿಸುವವರ ಮೇಲೆ ಶಸ್ತ್ರಚಿಕಿತ್ಸೆಯ ಹೊಣೆ ಇಮ್ಮಡಿಯಾಗುತ್ತದೆ.

ಕುದುರೆಯ ಹೊಟ್ಟೆ ತೆರೆಯುವ ಸೌಕರ್ಯ ಊರೂರಿಗೆ ಇಲ್ಲ, ಖರ್ಚೂ ಕಡಿಮೆಯಲ್ಲ. ಆದುದರಿಂದಲೇ ಸಿದ್ಧತೆ ಮೊದಲೇ ಆಗಬೇಕು. ಕುದುರೆ ಸಾಕುವ, ಬಾಡಿಗೆಗೆ ತರಿಸುವ ಪ್ರತಿಯೊಂದು ಟ್ರಸ್ಟೂ ಶಸ್ತ್ರಚಿಕಿತ್ಸೆ ಎಲ್ಲಿ ಸಾಧ್ಯ, ಸಾಗಿಸುವ ವಾಹನ ಯಾವುದು, ನಡುರಾತ್ರಿ ಒಪ್ಪಿಗೆ ಕೊಡುವವರು ಯಾರು ಎಂಬುದನ್ನು ಬರೆದಿಡಲಿ. ಮೆರವಣಿಗೆಯ ವೆಚ್ಚದಲ್ಲಿ ಒಂದು ಪಾಲು ಚಿಕಿತ್ಸಾನಿಧಿಗೆ ಸಲ್ಲಲಿ. ಅಷ್ಟೂ ಆಗದೆಂದರೆ, ಮೆರವಣಿಗೆಗೆ ಕುದುರೆಯನ್ನು ಕರೆತರದಿರುವುದೇ ಧರ್ಮ.