ಗುಜರಿಯಲ್ಲಿ ಬಿದ್ದಿರುವ ವೈಸು



ಬಿತ್ತನೆಯ ಹದ ಬಂದ ದಿನವೇ ಕೂರಿಗೆಯ ಒಂದು ಬೋಲ್ಟು ಬಾಗಿತೆನ್ನಿ. ನೀವು ಏನು ಮಾಡುತ್ತೀರಿ? ಅದನ್ನು ಕಲ್ಲಿನ ಮೇಲಿಟ್ಟು, ಕಾಲಿನಿಂದ ಅದುಮಿ ಹಿಡಿದು ಸುತ್ತಿಗೆಯಿಂದ ಬಡಿಯುತ್ತೀರಿ. ಸರಿಹೋಗದಿದ್ದರೆ ಪೇಟೆಯ ಬಸ್ಸು ಹತ್ತುತ್ತೀರಿ. ಹಿಂದಿರುಗುವಷ್ಟರಲ್ಲಿ ಹದ ಆರಿರುತ್ತದೆ. ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಇಂದಿಗೂ ಒಂದು ಗಾಯದ ಗುರುತಿದೆ. ಕುಡುಗೋಲನ್ನು ಎರಡು ಪಾದಗಳ ನಡುವೆ ಸಿಕ್ಕಿಸಿಕೊಂಡು ಅರ ಹಾಕುವಾಗ ಆದದ್ದು. ಅಂದು ಮನೆಯಲ್ಲಿ ಅರವಿತ್ತು, ಸುತ್ತಿಗೆಯಿತ್ತು, ಗರಗಸವೂ ಇತ್ತು. ಬಿಗಿಯಾಗಿ ಹಿಡಿದುಕೊಳ್ಳುವ ಮೂರನೆಯ ಕೈ ಮಾತ್ರ ಇರಲಿಲ್ಲ.

ಪಂಪು, ಸಿಂಪರಣಾ ಯಂತ್ರ, ಕಳೆ ಕತ್ತರಿಸುವ ಯಂತ್ರ ಎಲ್ಲವೂ ಇರುವ ಮನೆಗಳಲ್ಲಿ ಒಂದು ವೈಸು ಇಲ್ಲದಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಹೊಸದಕ್ಕೆ ಹಣವಿಲ್ಲವೆಂದು ಅನೇಕರು ಹೇಳುತ್ತಾರೆ. ಹೊಸದೇ ಏಕೆ ಬೇಕು? ಅಗ್ಗದ ಹಗುರವಾದ ಹೊಸ ವೈಸಿಗಿಂತ ಗುಜರಿ ಅಂಗಡಿಯಲ್ಲಿ ತುಕ್ಕು ಹಿಡಿದು ಬಿದ್ದಿರುವ ತೂಕದ ಹಳೆಯ ವೈಸೇ ರೈತನಿಗೆ ಲೇಸೆಂಬುದು ನನ್ನ ಅಭಿಪ್ರಾಯ. ಅದರ ಮೈ ದಪ್ಪ, ತಿರುಪು ದಪ್ಪ. ಸವೆದ ಭಾಗಗಳನ್ನು ಬಿಚ್ಚಿ ಬದಲಾಯಿಸಲೂ ಬರುತ್ತದೆ.

ಆದರೆ ಹಳೆಯದೆಲ್ಲ ಚಿನ್ನವಲ್ಲ. ಕೊಳ್ಳುವ ಮುನ್ನ ಸಣ್ಣ ಸುತ್ತಿಗೆಯಿಂದ ಮೈಯನ್ನು ತಟ್ಟಿ ನೋಡಿ. ಗಂಟೆಯಂತೆ ನಾದ ಬಂದರೆ ಒಳ್ಳೆಯದು. ಒಡೆದ ಮಡಕೆಯ ಸದ್ದು ಬಂದರೆ ಎಲ್ಲೋ ಬಿರುಕಿದೆಯೆಂದು ತಿಳಿಯಿರಿ. ದವಡೆಯ ಬುಡವನ್ನೂ ಜಾರುವ ಭಾಗದ ಕೆಳಗನ್ನೂ ತಿರುಗಿಸಿ ನೋಡಬೇಕು. ಎರಕದ ಕಬ್ಬಿಣಕ್ಕೆ ವೆಲ್ಡಿಂಗ್ ಹಾಕಿದ ಗುರುತು ಕಂಡರೆ, ಅಂಗಡಿಯವನು ಏನೇ ಹೇಳಲಿ, ಬಿಟ್ಟುಬಿಡಿ. ತುಕ್ಕಿಗಾಗಲಿ, ಹಲ್ಲು ಸವೆದ ದವಡೆ ಪಟ್ಟಿಗಾಗಲಿ ಹೆದರಬೇಕಾಗಿಲ್ಲ. ಆ ಪಟ್ಟಿಗಳನ್ನು ಎರಡೆರಡು ಸ್ಕ್ರೂಗಳಿಂದ ಕೂರಿಸಿರುತ್ತಾರೆ. ಲೇತ್ ಅಂಗಡಿಯಲ್ಲಿ ಉಕ್ಕಿನಿಂದ ಮಾಡಿಸಬಹುದು. ಶೆಫೀಲ್ಡಿನ ರೆಕಾರ್ಡ್, ಶಿಪ್ಲಿಯ ಪಾರ್ಕಿನ್ಸನ್ ಮುಂತಾದ ಹಳೆಯ ಇಂಗ್ಲಿಷ್ ವೈಸುಗಳ ಮೈಮೇಲೆ ಹೆಸರು ಎರಕದಲ್ಲೇ ಮೂಡಿರುತ್ತದೆ. ಸಂಗ್ರಹಿಸುವವರು ಆ ಹೆಸರಿಗೇ ಹೆಚ್ಚು ಹಣ ಕೊಡುತ್ತಾರೆ. ನೀವು ಕೊಡಬೇಡಿ, ನಾಲ್ಕು ಅಂಗುಲದ ದವಡೆಯುಳ್ಳ, ಬಿರುಕಿಲ್ಲದ ವೈಸು ಹೆಸರಿಲ್ಲದಿದ್ದರೂ ಸಾಕು.

ಕುಲುಮೆಗಳಲ್ಲಿ ನೆಲದವರೆಗೆ ಉದ್ದ ಕಾಲುಳ್ಳ ಇನ್ನೊಂದು ಬಗೆಯ ವೈಸನ್ನು ನೀವು ಕಂಡಿರಬಹುದು. ಅದು ಬಡಿದು ಮಾಡಿದ್ದು. ಪೆಟ್ಟಿನ ಭಾರವನ್ನು ಕಾಲು ನೆಲಕ್ಕೆ ದಾಟಿಸುತ್ತದೆ. ಗುದ್ದಲಿ, ಪಿಕಾಸಿ ಬಡಿಯುವ ಕೆಲಸ ಹೆಚ್ಚಿದ್ದರೆ ಅದನ್ನೇ ಹುಡುಕಿ. ಎರಕದ ವೈಸಿನ ಮೇಲೆ ದೊಡ್ಡ ಸುತ್ತಿಗೆ ಬೀಸಿದರೆ ಅದು ಬಾಗುವುದಿಲ್ಲ, ಒಡೆಯುತ್ತದೆ. ಬಿಗಿ ಸಾಲದೆಂದು ಹಿಡಿಗೆ ಪೈಪು ತೂರಿಸಿ ತಿರುಗಿಸುವುದೂ ಅದನ್ನು ಕೊಲ್ಲುವ ಉಪಾಯವೇ.

ತುಕ್ಕು ತೆಗೆಯಲು ಆಮ್ಲ ಬೇಡ. ಕಬ್ಬಿನ ಸೀಮೆಯವರಿಗೆ ಕಾಕಂಬಿ ಸಿಗುತ್ತದಲ್ಲವೇ? ಒಂದು ಭಾಗ ಕಾಕಂಬಿಗೆ ಸುಮಾರು ಹತ್ತು ಭಾಗ ನೀರು ಬೆರೆಸಿ, ಬಿಚ್ಚಿದ ಕಬ್ಬಿಣದ ಭಾಗಗಳನ್ನು ಎರಡು ವಾರ ಮುಳುಗಿಸಿಡಿ. ವಾಸನೆ ಕೆಟ್ಟದ್ದು, ಆದರೆ ತುಕ್ಕನ್ನು ಬಿಡಿಸುತ್ತದೆ. ತೊಟ್ಟಿಯ ಮೇಲೆ ಭದ್ರವಾದ ಮುಚ್ಚಳವಿರಲಿ. ಕಾಕಂಬಿಯ ರುಚಿ ಬಲ್ಲ ದನ ಆ ನೀರಿಗೆ ಬಾಯಿ ಹಾಕದೆ ಇರದು. ಬಳಿಕ ತೊಳೆದು, ಕೂಡಲೇ ಒರೆಸಿ ಎಣ್ಣೆ ಹಚ್ಚಬೇಕು. ಒಂದು ಗಂಟೆ ತಡವಾದರೂ ಹೊಸ ತುಕ್ಕು ಕೂರುತ್ತದೆ. ತಿರುಪಿಗೆ ಗ್ರೀಸ್ ಸಾಕು.

ಕೂರಿಸುವುದರಲ್ಲಿ ಅವಸರ ಬೇಡ. ನೀವು ನಿಂತಾಗ ದವಡೆಯ ಮೇಲ್ತುದಿ ನಿಮ್ಮ ಮೊಣಕೈಯ ಮಟ್ಟಕ್ಕಿರಬೇಕು. ಒಳದವಡೆ ಮೇಜಿನ ಅಂಚಿಗಿಂತ ಸ್ವಲ್ಪ ಮುಂದೆ ಬಂದಿದ್ದರೆ ಉದ್ದನೆಯ ಸಲಾಕೆಯನ್ನು ನೆಟ್ಟಗೆ ಹಿಡಿಯಬಹುದು. ಹಲಗೆ ದಪ್ಪವಿರಲಿ; ಮುರಿದ ಗಾಡಿಯ ಮರವಾದರೂ ಆದೀತು. ಮೊಳೆಯಾಗಲಿ ಮರದ ಸ್ಕ್ರೂ ಆಗಲಿ ನಿಲ್ಲವು, ಹಲಗೆಯ ಆಚೆಗೆ ಹಾಯುವ ಬೋಲ್ಟೇ ಬೇಕು. ಕುಡುಗೋಲನ್ನು ಹಿಡಿಯುವಾಗ ದವಡೆಗಳಿಗೆ ಅಲ್ಯೂಮಿನಿಯಂ ತಗಡನ್ನು ಬಗ್ಗಿಸಿ ಹೊದಿಸಿದರೆ ಅಲಗಿಗೆ ಹಲ್ಲಿನ ಗುರುತು ಬೀಳದು.

ನನ್ನಲ್ಲಿ ಈಗ ಮೂರು ವೈಸುಗಳಿವೆ. ಒಂದೇ ಸಾಕಾಗಿತ್ತೆಂದು ಮನೆಯಾಕೆ ಹೇಳುವುದು ಸುಳ್ಳಲ್ಲ. ಹಳೆಯ ಕಬ್ಬಿಣದ ಹುಚ್ಚು ಹಿಡಿದರೆ ಬಿಡುವುದು ಕಷ್ಟ. ಮೂರರಲ್ಲಿ ಕೆಲಸ ಮಾಡುವುದು ಕೊಟ್ಟಿಗೆಯ ಪಕ್ಕದ ಒಂದೇ. ಸುತ್ತಿಗೆ, ಗರಗಸಗಳನ್ನು ಎರವಲು ಒಯ್ದವರು ಮರೆಯುವುದುಂಟು. ಮೇಜಿಗೆ ಬಿಗಿದ ವೈಸನ್ನು ಒಯ್ಯಲಾಗದು. ಆದ್ದರಿಂದ ನೆರೆಯವರೇ ಬಾಗಿದ ಬೋಲ್ಟು ಹಿಡಿದು ಬರುತ್ತಾರೆ.