ಮಗಳಿಗೆ ಕೆಮಿಸ್ಟ್ರಿ ಟ್ಯೂಷನ್ ಬೇಕೆ?



ಈ ಸಲ ಬಳ್ಳಾರಿ ಪಕ್ಕದ ಹಲಕುಂದಿಯಿಂದ ಒಬ್ಬ ತಾಯಿಯ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಮನೆಯಲ್ಲೇ ಮಿಷಿನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟು ಹೊಲಿಯುವ ಈಕೆಗೆ ಒಬ್ಬಳೇ ಮಗಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಒಳ್ಳೆಯ ಮಾರ್ಕು. ಈಗ ಬಳ್ಳಾರಿಯಲ್ಲಿ ಮೊದಲ ಪಿಯುಸಿ ಸೈನ್ಸ್. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕೆಮಿಸ್ಟ್ರಿಗೆ 70ಕ್ಕೆ 11 ಬಂದಿದೆ.

"ಅಕ್ಕಾರೇ, ಹುಡುಗಿ ರಾತ್ರಿಯೆಲ್ಲಾ ಪುಸ್ತಕ ಮುಂದಿಟ್ಟುಕೊಂಡು ಅಳತಾಳ. 'ಅವ್ವಾ, ಕಾಲೇಜು ಬಿಡ್ತೀನಿ, ನಿನ್ನ ಜೋಡಿ ಮಿಷಿನ್ನಿಗೆ ಕುಂದರ್ತೀನಿ' ಅಂತಾಳ. ಅವರಪ್ಪ, ಫೇಲಾದ್ರ ಗಂಡು ನೋಡೋಣ ಅಂತಾರ. ಟ್ಯೂಷನ್ನಿಗೆ ಹಾಕಿದ್ರ ರೊಕ್ಕ ದಂಡ ಆಗ್ತದೇನು? ಯಾರ ಹತ್ರ ಹಾಕಬೇಕು?" ಇದು ಅವರ ಪ್ರಶ್ನೆ.

ತಂಗೀ, ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಮಗಳು ದಡ್ಡಿ ಅಲ್ಲ. ಹತ್ತು ವರ್ಷ ಅಣು, ಪರಮಾಣು, ಉತ್ಕರ್ಷಣೆ, ಅಪಕರ್ಷಣೆ ಎಂದು ಓದಿದ ಹುಡುಗಿಗೆ ಇದ್ದಕ್ಕಿದ್ದಂತೆ ಮಾಲಿಕ್ಯೂಲ್, ಆಟಮ್, ಆಕ್ಸಿಡೇಷನ್, ರಿಡಕ್ಷನ್ ಎಂದರೆ ತಲೆ ತಿರುಗದೆ ಇರುತ್ತದೆಯೇ? ಗೊತ್ತಿದ್ದ ವಿಷಯವೇ ಹೊಸ ಸೀರೆ ಉಟ್ಟು ಬಂದಿದೆ, ಅವಳಿಗೆ ಗುರುತು ಸಿಗುತ್ತಿಲ್ಲ, ಅಷ್ಟೆ.

ಟ್ಯೂಷನ್ ಹುಡುಕುವ ಮುಂಚೆ ಎರಡು ಕೆಲಸ ಮಾಡಿ. ಆ 11 ಮಾರ್ಕಿನ ಉತ್ತರ ಪತ್ರಿಕೆಯನ್ನು ಅವಳ ಕೈಗೇ ಕೊಟ್ಟು, ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕ ಒಂದು ಗುರುತು ಹಾಕಿಸಿ: ಪ್ರಶ್ನೆಯ ಇಂಗ್ಲಿಷೇ ತಿಳಿಯಲಿಲ್ಲವೋ, ಲೆಕ್ಕ ತಪ್ಪಿತೋ, ಓದಿಯೇ ಇರಲಿಲ್ಲವೋ. ಯಾವ ಗುರುತು ಹೆಚ್ಚೋ ಅದೇ ಕಾಯಿಲೆ. ಆ ಪತ್ರಿಕೆ ಹಿಡಿದುಕೊಂಡು ಕಾಲೇಜಿನ ಉಪನ್ಯಾಸಕರ ಬಳಿಗೇ ಮೊದಲು ಹೋಗಲಿ. "ಸಾರ್, ಇಲ್ಲಿ ನನಗೆ ತಿಳಿಯಲಿಲ್ಲ" ಎಂದು ಬೆರಳಿಟ್ಟು ತೋರಿಸುವ ಮಗುವನ್ನು ಬೈದು ಕಳಿಸುವವರು ಕಡಿಮೆ. ಅದಕ್ಕೆ ಫೀಸೂ ಇಲ್ಲ.

ಇಷ್ಟಾದ ಮೇಲೂ ಬೇಕೆನಿಸಿದರೆ ಟ್ಯೂಷನ್ನಿಗೆ ಹಾಕಿ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಬೋರ್ಡು ನೋಡಿ ಹಾಕಬೇಡಿ. ಎರಡು ದಿನ ಪಾಠ ಕೇಳಿ ಬರಲಿ. ಮನೆಗೆ ಬಂದ ಮೇಲೆ ನಾಲ್ಕು ಮಾತು ಕೇಳಿ: ಕನ್ನಡದಲ್ಲಿ ಅರ್ಥ ಹೇಳಿ ಇಂಗ್ಲಿಷಿನಲ್ಲಿ ಉತ್ತರ ಬರೆಸಿದರೇ? ನಿನ್ನ ಕೈಯಲ್ಲೇ ಲೆಕ್ಕ ಮಾಡಿಸಿದರೇ? ತಿಳಿಯಲಿಲ್ಲ ಎಂದಾಗ ಇನ್ನೊಂದು ರೀತಿಯಲ್ಲಿ ಹೇಳಿದರೇ? ನಿನ್ನ ಹೆಸರು ಅವರಿಗೆ ಗೊತ್ತಾಯಿತೇ? ಬರೀ ನೋಟ್ಸ್ ಬರೆಸಿ ಕಳಿಸುವವರಾದರೆ ಬೇಡ. ಅರವತ್ತು ಮಕ್ಕಳನ್ನು ಕೂಡಿಸುವ ಕಡೆಗಿಂತ, ಎಂ.ಎಸ್ಸಿ. ಓದುತ್ತಿರುವ ಒಬ್ಬ ಹುಡುಗಿ ನಾಲ್ಕು ಮಕ್ಕಳಿಗೆ ಹೇಳಿಕೊಟ್ಟರೆ ಎಷ್ಟೋ ಮೇಲು. ಊರಿನ ಇನ್ನಿಬ್ಬರು ಹುಡುಗಿಯರನ್ನು ಜೊತೆ ಮಾಡಿದರೆ ಫೀಸೂ ಹಂಚಿಹೋಗುತ್ತದೆ, ದಾರಿಗೂ ಜೊತೆಯಾಗುತ್ತದೆ. ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ, ತಿಂಗಳು ತಿಂಗಳು ಕೊಡಿ. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಟಿಕೆಟ್ ಹಣವಿಲ್ಲವಾದ್ದರಿಂದ ಆ ಖರ್ಚು ಉಳಿಯಿತು. ಆದರೆ ಕತ್ತಲಾಗುವ ಮುಂಚೆ ಮನೆ ಸೇರುವ ಹೊತ್ತನ್ನೇ ಗೊತ್ತುಮಾಡಿಕೊಳ್ಳಿ. ಪಾಠ ಹೇಳುವ ಮನೆಯನ್ನು ನೀವೇ ಒಮ್ಮೆ ಹೋಗಿ ನೋಡಿ ಬನ್ನಿ.

"ನಾನೇನು ಓದಿದವಳಲ್ಲ, ಏನು ಸಹಾಯ ಮಾಡಲಿ?" ಎಂದಿದ್ದೀರಿ. ಮಾಡಬಹುದು! ಕೆಮಿಸ್ಟ್ರಿಯಲ್ಲಿ ಮಕ್ಕಳು ಮೊದಲು ಎಡವುವುದು 'ಮೋಲ್' ಎಂಬ ಲೆಕ್ಕದಲ್ಲಿ. ಅದೇನು ಮಹಾ? ಬಳೆಗಾರ ಡಜನ್ ಎನ್ನುವುದಿಲ್ಲವೇ, ಹಾಗೆಯೇ. ಒಂದು ಡಜನ್ ಗಾಜಿನ ಬಳೆಯೂ ಹನ್ನೆರಡೇ, ಒಂದು ಡಜನ್ ಬಂಗಾರದ ಬಳೆಯೂ ಹನ್ನೆರಡೇ, ತೂಕ ಮಾತ್ರ ಬೇರೆ. ಮೋಲ್ ಎಂದರೆ ಬಹು ದೊಡ್ಡ ಡಜನ್: 6022ರ ಮುಂದೆ ಇಪ್ಪತ್ತು ಸೊನ್ನೆ ಇಟ್ಟಷ್ಟು ಕಣಗಳು. 18 ಗ್ರಾಂ ನೀರು ಒಂದು ಮೋಲ್, 58.5 ಗ್ರಾಂ ಅಡಿಗೆ ಉಪ್ಪು ಒಂದು ಮೋಲ್.

ಇನ್ನೊಂದು. ಒಗ್ಗರಣೆ ಮಂಡಕ್ಕಿಯ ಜೊತೆಗೆ ಮಿರ್ಚಿ ಮಾಡುತ್ತೀರಲ್ಲ, ಕಡಲೆ ಹಿಟ್ಟು ಇಪ್ಪತ್ತಕ್ಕೆ ಸಾಕಾಗುವಷ್ಟಿದೆ, ಮೆಣಸಿನಕಾಯಿ ಮಾತ್ರ ಹತ್ತೇ ಇದೆ. ಎಷ್ಟು ಮಿರ್ಚಿ ಆದೀತು? ಹತ್ತೇ. ಹಿಟ್ಟು ಉಳಿಯುತ್ತದೆ. ಇದನ್ನೇ ಅವರ ಪುಸ್ತಕದಲ್ಲಿ 'ಲಿಮಿಟಿಂಗ್ ರೀಏಜೆಂಟ್' ಎಂದು ಬರೆದಿದ್ದಾರೆ. ಮಗಳಿಗೆ ಒಲೆಯ ಮುಂದೆ ಈ ಮಾತು ಹೇಳಿ ನೋಡಿ, ಮುಖ ಅರಳುತ್ತದೆ. ದಿನಾ ರಾತ್ರಿ ಹೊಲಿಯುತ್ತಲೇ ಕೇಳಿ: "ಇವತ್ತು ಏನು ಕಲಿತೆ, ನನಗ ತಿಳಿಯೋ ಹಂಗ ಹೇಳು." ಅವ್ವನಿಗೆ ತಿಳಿಯುವಂತೆ ಹೇಳಲು ಬಂದರೆ ಪರೀಕ್ಷೆಯಲ್ಲೂ ಬರೆಯಲು ಬರುತ್ತದೆ.

ನಿಮ್ಮ ಕಸುಬಿಗೂ ಇದಕ್ಕೂ ನಂಟಿದೆ. ಜೀನ್ಸ್ ಬಟ್ಟೆಯ ನೀಲಿ ಅಲ್ಲಲ್ಲಿ ತಿಳಿಯಾಗಲಿ ಎಂದು ಸಿಂಪಡಿಸುವ ನೇರಳೆ ಬಣ್ಣದ ನೀರಿದೆಯಲ್ಲ, ಪೊಟ್ಯಾಸಿಯಂ ಪರ್‌ಮ್ಯಾಂಗನೇಟ್, ಮುಂದಿನ ವರ್ಷ ಪ್ರಯೋಗಶಾಲೆಯಲ್ಲಿ ಮಗಳು ಬ್ಯೂರೆಟ್ಟಿಗೆ ಸುರಿಯುವುದೂ ಅದನ್ನೇ. ಎರಡು ಕಡೆಯೂ ಅದು ಮಾಡುವ ಕೆಲಸ ಒಂದೇ, ಉತ್ಕರ್ಷಣೆ. ಪ್ರಯೋಗಕ್ಕೆ 30 ಮಾರ್ಕು ಉಂಟು, ಕೈಚಳಕವಿದ್ದವರು ಕಳೆದುಕೊಳ್ಳಬಾರದ ಮಾರ್ಕು ಅದು. ಹೊಲಿಗೆ ಬಲ್ಲ ತಾಯಿಯ ಮಗಳಿಗೆ ಕೈಚಳಕಕ್ಕೇನು ಕೊರತೆ!

ಇನ್ನು ಯಜಮಾನರಿಗೆ ಒಂದು ಮಾತು. ಹದಿನೆಂಟು ತುಂಬದ ಹುಡುಗಿಗೆ ಮದುವೆ ಕಾನೂನಿಗೇ ವಿರುದ್ಧ. ಅದಿರಲಿ, ಒಂದು ಪರೀಕ್ಷೆಯಲ್ಲಿ ಸೋತದ್ದಕ್ಕೆ ಮದುವೆ ಶಿಕ್ಷೆಯೇ? 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ಬೆಂಗಳೂರಿನ ಟಾಟಾ ಇನ್ಸ್‌ಟಿಟ್ಯೂಟಿಗೆ ಬಂದಾಗ, ಹೆಣ್ಣೆಂಬ ಕಾರಣಕ್ಕೆ ಸರ್ ಸಿ.ವಿ. ರಾಮನ್ನರೇ ಮೊದಲು ಬೇಡವೆಂದರು. ಆಕೆ ಹಟ ಹಿಡಿದಳು. ಒಂದು ವರ್ಷ ಪರೀಕ್ಷಾರ್ಥವಾಗಿ ಎಂದು ಸೇರಿಸಿಕೊಂಡರು. ಅಲ್ಲಿ ಶ್ರೀನಿವಾಸಯ್ಯ ಎಂಬ ಗುರುಗಳು ಕೈಹಿಡಿದು ಕಲಿಸಿದರು. 1939ರಲ್ಲಿ ಆಕೆ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಮದುವೆಯಾದ ಮೇಲೆ ಕಮಲಾ ಸೊಹೊನಿ ಎಂದು ಹೆಸರಾದ ಜೀವರಸಾಯನ ವಿಜ್ಞಾನಿ ಅವರೇ. ಅವರ ಬುದ್ಧಿ ಎಷ್ಟು ದೊಡ್ಡದೋ, ಕಲಿಸುವ ಗುರು ಸಿಕ್ಕಿದ್ದೂ ಅಷ್ಟೇ ದೊಡ್ಡದು.

ಒಂದು ವರ್ಷ ಕೊಡಿ, ಯಜಮಾನರೇ. ಆಮೇಲೂ ಮಗಳೇ "ನನಗೆ ಸೈನ್ಸ್ ಬೇಡ, ಬೇರೆ ಓದುತ್ತೇನೆ" ಎಂದರೆ ಸಂತೋಷದಿಂದ ಒಪ್ಪಿ. ಅಳುತ್ತಾ ಬಿಡುವುದು ಬೇರೆ, ತಿಳಿದು ಬಿಡುವುದು ಬೇರೆ. ಮಿಷಿನ್ನು ಎಲ್ಲಿಗೂ ಓಡಿಹೋಗುವುದಿಲ್ಲ. ಓದುವ ವಯಸ್ಸು ಹೋದರೆ ಮತ್ತೆ ಬಾರದು.

ಹಲಕುಂದಿಯ ತಂಗೀ, ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಒಂದು ಕಾರ್ಡು ಬರೆಯಿರಿ. ಮಾರ್ಕು ಎಷ್ಟಾದರೂ ಸರಿ, ಕಾಯುತ್ತಿರುತ್ತೇನೆ.