ಲೂನಾಕ್ಕೆ ಸಾಮಾನಿಲ್ಲ, ಫೀಸಿಗೆ ಮಾತ್ರ ಬರವಿಲ್ಲ

ಹಳೇ ವಾಹನ ಅಂದರೆ ಕೇಂದ್ರ ಸಾರಿಗೆ ಸಚಿವಾಲಯಕ್ಕೆ ಎರಡೇ ಗೊತ್ತು. ಒಂದೋ ಅದು ಗುಜರಿ, ಇಲ್ಲವೇ ಪ್ರದರ್ಶನದ ವಸ್ತು. ಈ ಎರಡರ ನಡುವೆ ಮೂರನೆಯದೊಂದು ಜಾತಿ ಇದೆ. ಅದು ಪುತ್ತೂರು, ಸುಳ್ಯ, ಕಡಬದ ತೋಟದ ದಾರಿಗಳಲ್ಲಿ ಇವತ್ತಿಗೂ ಹಾಲಿನ ಕ್ಯಾನು, ಹಿಂಡಿಯ ಚೀಲ ಹೊತ್ತುಕೊಂಡು ಟರ್ರ್ ಅನ್ನುತ್ತಾ ಓಡಾಡುತ್ತಿದೆ. ಕಾನೂನಿನ ಕಣ್ಣಿಗೆ ಮಾತ್ರ ಬಿದ್ದಿಲ್ಲ.

2022ರ ಏಪ್ರಿಲ್‌ವರೆಗೆ 15 ವರ್ಷ ದಾಟಿದ ದ್ವಿಚಕ್ರ ವಾಹನದ ನೋಂದಣಿ ನವೀಕರಣಕ್ಕೆ 300 ರೂಪಾಯಿ ಇತ್ತು. ಅದು ಒಂದೇ ಏಟಿಗೆ 1,000 ಆಯಿತು. ತಡ ಮಾಡಿದರೆ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ ಅಂತಲೂ ಅದೇ ಅಧಿಸೂಚನೆಯಲ್ಲಿ ಸೇರಿಸಿದರು. 2025ರ ಆಗಸ್ಟ್‌ನಲ್ಲಿ ಮತ್ತೊಂದು ಅಧಿಸೂಚನೆ ಬಂತು: 20 ವರ್ಷ ದಾಟಿದ ದ್ವಿಚಕ್ರ ವಾಹನಕ್ಕೆ 2,000. ಹಳೇ ಗಾಡಿ ಇಟ್ಟುಕೊಂಡವನಿಗೆ ಸರ್ಕಾರ ಕೊಟ್ಟ ಸಂದೇಶ ಸ್ಪಷ್ಟವಾಗಿದೆ, ಮಾರಿಬಿಡು. ಆದರೆ ಗಾಡಿ ಇಟ್ಟುಕೊಂಡವನ ನಿಜವಾದ ಕಷ್ಟ ಫೀಸು ಅಲ್ಲ, ಅದಕ್ಕಿಂತ ಮೊದಲೇ ಶುರುವಾಗುತ್ತದೆ. ನವೀಕರಣಕ್ಕೆ ಗಾಡಿಯನ್ನು ಇನ್‌ಸ್ಪೆಕ್ಟರರ ಎದುರು ನಿಲ್ಲಿಸಬೇಕು. ನಿಲ್ಲಿಸುವುದಕ್ಕೆ ಅದು ಸ್ಟಾರ್ಟ್ ಆಗಬೇಕು, ಬ್ರೇಕು ಹಿಡಿಯಬೇಕು, ಹೊಗೆ ಕಡಿಮೆ ಇರಬೇಕು. ಅದಕ್ಕೆ ಸಾಮಾನು ಬೇಕು. ಸಾಮಾನು ಎಲ್ಲಿದೆ?

ನಾನು ಹೇಳುತ್ತಿರುವುದು ಲೂನಾದ ಕತೆ. ನಮ್ಮ ಕಡೆ ಲೂನಾ ಅಂದರೆ ಮೇಷ್ಟ್ರುಗಳ, ಪೋಸ್ಟ್‌ಮ್ಯಾನುಗಳ, ಸಣ್ಣ ಹಿಡುವಳಿದಾರರ ಗಾಡಿ. ಅದು ಇಟಲಿಯದು ಅಂದರೆ ಎದುರಿಗಿದ್ದವರು ನಗುತ್ತಾರೆ. ಆದರೆ ವಿಷಯ ಖರೆ. ವೆಸ್ಪಾ ಮಾಡುವ ಪಿಯಾಜಿಯೊ ಕಂಪೆನಿ 1967ರಲ್ಲಿ 'ಚಾವ್' ಎಂಬ 50 ಸಿಸಿ ಮೊಪೆಡ್ ಬಿಡುಗಡೆ ಮಾಡಿತು. ಪುಣೆಯ ಕೈನೆಟಿಕ್ ಇಂಜಿನಿಯರಿಂಗ್ 1972ರಲ್ಲಿ ಅದರದ್ದೇ ಪರವಾನಗಿ ಪಡೆದು ಲೂನಾ ಅಂತ ತಯಾರಿಸಿತು. ಇಟಾಲಿಯನ್ ಭಾಷೆಯಲ್ಲಿ ಲೂನಾ ಅಂದರೆ ಚಂದ್ರ. ಪೆಡಲ್ ತುಳಿದು ಸ್ಟಾರ್ಟ್ ಮಾಡುವುದು, ಗೇರು ಇಲ್ಲ, ಏರು ಬಂದಾಗ ಎಂಜಿನ್ನಿಗೆ ಕಾಲಿನ ಸಹಾಯ. ಅಡಿಕೆ ಮರದ ಸಂಕ ಬಂದರೆ ಇಳಿದು ತಳ್ಳಿಕೊಂಡು ದಾಟಿಸಬಹುದು, ಕೆಸರಲ್ಲಿ ಹೂತರೆ ಒಬ್ಬನೇ ಎತ್ತಬಹುದು. ಮಿಲಾನಿನ ಡಾಂಬರು ರಸ್ತೆಗೆ ಮಾಡಿದ ಗಾಡಿ ಗುತ್ತಿಗಾರಿನ ಕಾಡುದಾರಿಗೆ ಇಷ್ಟು ಸರಿಯಾಗಿ ಹೊಂದಿದ್ದು ಆಶ್ಚರ್ಯವೇ.

ಆಮೇಲೆ ಹೋಂಡಾ ಬಂತು, ಸ್ಕೂಟಿ ಬಂತು, ಬೈಕು ಅಗ್ಗವಾಯಿತು. ಲೂನಾ ನಿಂತುಹೋಯಿತು. 2008ರಲ್ಲಿ ಕೈನೆಟಿಕ್‌ನವರ ಸ್ಕೂಟರ್ ವ್ಯವಹಾರ ಮಹೀಂದ್ರಾದ ಪಾಲಾಯಿತು. 2024ರ ಫೆಬ್ರವರಿಯಲ್ಲಿ ಲೂನಾ ಹೆಸರು ಮತ್ತೆ ಬಂದದ್ದು ಬ್ಯಾಟರಿ ಗಾಡಿಯಾಗಿ, ಸುಮಾರು 70 ಸಾವಿರಕ್ಕೆ. ಹೆಸರು ಬಂತು, ಹಳೇ ಗಾಡಿಗೆ ರಿಂಗು ಬರಲಿಲ್ಲ.

ನಮ್ಮ ಮನೆಯಲ್ಲೂ ಒಂದು ಲೂನಾ ಇದೆ. ಎರಡು ವರ್ಷದಿಂದ ಅದಕ್ಕೆ ಪಿಸ್ಟನ್ ಸೆಟ್ ಹುಡುಕುತ್ತಿದ್ದೇನೆ. ಪುತ್ತೂರಿನಲ್ಲಿ ಕೇಳಿದೆ, ಸುಳ್ಯದಲ್ಲಿ ಕೇಳಿದೆ, ಉಪ್ಪಿನಂಗಡಿ, ಬೆಳ್ಳಾರೆ ಎಲ್ಲಾ ಆಯಿತು. "ಲೂನಾದ್ದಾ? ಅದನ್ನು ಇನ್ನೂ ಇಟ್ಟಿದ್ದೀರಾ ಮಾರಾಯ್ರೆ!" ಎಂಬ ಪ್ರಶ್ನೆಯೇ ಉತ್ತರ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಬ್ಬರು ಧೂಳು ಹಿಡಿದ ಡಬ್ಬಿ ತೆಗೆದು 'ಒರಿಜಿನಲ್' ಅಂತ ಕೊಟ್ಟರು. ಊರಿಗೆ ತಂದು ಅಳತೆ ಹಿಡಿದರೆ ರಿಂಗಿನ ಗ್ಯಾಪು ಎಷ್ಟು ದೊಡ್ಡದಿತ್ತೆಂದರೆ, ನಮ್ಮ ಮೆಕ್ಯಾನಿಕ್ ಅದನ್ನು ಬೆರಳಿಗೆ ಹಾಕಿಕೊಂಡು "ಮದುವೆಗೆ ಆದೀತು" ಅಂದ.

ಈ ಹುಡುಕಾಟದಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ಎಲ್ಲಾ ಸಾಮಾನೂ ಒಂದೇ ತರ ಕಾಣೆಯಾಗುವುದಿಲ್ಲ. ಬೇರಿಂಗಿಗೆ ಬರವಿಲ್ಲ, ಅದರ ಮೈಮೇಲೆ ನಂಬರು ಇರುತ್ತದೆ, ಆ ನಂಬರು ಪ್ರಪಂಚಕ್ಕೆಲ್ಲಾ ಒಂದೇ. ಆಯಿಲ್ ಸೀಲೂ ಹಾಗೆಯೇ. ಒಳಗಿನ ವ್ಯಾಸ, ಹೊರಗಿನ ವ್ಯಾಸ, ದಪ್ಪ, ಈ ಮೂರು ಅಳತೆ ಹೇಳಿದರೆ ಪಂಪ್‌ಸೆಟ್ಟಿನ ಅಂಗಡಿಯಲ್ಲೂ ಸಿಗುತ್ತದೆ. ಕೇಬಲ್, ಬಲ್ಬು ಹೇಗೋ ಹೊಂದಿಸಬಹುದು. ಕಂಡೆನ್ಸರ್ ಬೇರೆ ಗಾಡಿಯದ್ದು ಹಾಕಿ ಓಡಿಸುವವರಿದ್ದಾರೆ. ಕಾಣೆಯಾಗುವುದು ಕಂಪೆನಿ ತನ್ನ ಅಳತೆಯಲ್ಲೇ ಮಾಡಿದ್ದು: ಪಿಸ್ಟನ್, ಕನೆಕ್ಟಿಂಗ್ ರಾಡು, ಕ್ಲಚ್ ಶೂ, ಹಿಂದಿನ ಹಬ್ಬಿನ ಗೇರು. ಸಿಲಿಂಡರ್ ಸವೆದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುವ ಕಾಲ ಇತ್ತು. ಈಗ ಬೋರ್ ಮಾಡುವ ಲೇತ್ ಇದೆ, ಹಾಕಲು ಪಿಸ್ಟನ್ ಇಲ್ಲ. ಅಂದರೆ ಯಾವುದಕ್ಕೆ ಎಲ್ಲರೂ ಒಪ್ಪಿದ ಅಳತೆ ಇದೆಯೋ ಅದು ಉಳಿದಿದೆ, ಯಾವುದರ ಅಳತೆ ಕಂಪೆನಿಯ ಬೀರುವಿನಲ್ಲಿ ಇದೆಯೋ ಅದು ಸತ್ತಿದೆ. ಇಡೀ ಸಮಸ್ಯೆ ಇರುವುದು ಇಲ್ಲಿ.

ಇಟಲಿಯಲ್ಲಿ ಹೀಗಾಗಿಲ್ಲ. ಚಾವ್ ತಯಾರಿಕೆ 2006ರಲ್ಲಿ ನಿಂತಿತು. ಆದರೂ ಪೊಲಿನಿ, ಮಲೋಸ್ಸಿಯಂಥ ಕಂಪೆನಿಗಳು ಅದಕ್ಕೆ ಸಿಲಿಂಡರ್, ಪಿಸ್ಟನ್ ಮಾಡಿ ಮಾರುತ್ತವೆ, ಏಕೆಂದರೆ ಅಲ್ಲಿ ಅದನ್ನು ಪ್ರೀತಿಯಿಂದ ಸಾಕುವವರ ಮಾರುಕಟ್ಟೆ ಇದೆ. ಹಾಗಾದರೆ ಅಲ್ಲಿಂದ ತರಿಸಬಹುದಲ್ಲ ಅನ್ನುತ್ತೀರಿ. ಚಾವ್‌ನ ಸಿಲಿಂಡರ್ ವ್ಯಾಸ 38.4 ಮಿ.ಮೀ. ನಮ್ಮ ಲೂನಾ ವರ್ಷದಿಂದ ವರ್ಷಕ್ಕೆ ಮಾಡೆಲ್ ಬದಲಾಯಿಸುತ್ತಾ ಹೋದ ಗಾಡಿ. ವರ್ನಿಯರ್ ಹಿಡಿಯದೆ ತರಿಸುವುದು ಜೂಜು. ಅಳತೆ ಕೂಡಿದರೂ ಸಾಗಣೆ, ಕಸ್ಟಮ್ಸ್ ಸೇರಿ ಗಾಡಿಯ ಗುಜರಿ ಬೆಲೆಯನ್ನು ದಾಟುತ್ತದೆ. ಹವ್ಯಾಸಿ ಆ ದುಡ್ಡು ಕೊಟ್ಟಾನು. ಎರಡು ಹೊತ್ತು ಸೊಸೈಟಿಗೆ ಹಾಲು ಒಯ್ಯುವವನು ಯಾಕೆ ಕೊಡುತ್ತಾನೆ?

ಹವ್ಯಾಸಿಗೆ ಕಾನೂನೂ ಒಲಿದಿದೆ. 2021ರ ಜುಲೈಯಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ಸ್ವರೂಪ ಕೆಡಿಸದ ವಾಹನ 'ವಿಂಟೇಜ್'. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000, ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ. ಆದರೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ ಇತ್ಯಾದಿಗೆ ಮಾತ್ರ. ತಪ್ಪಲ್ಲ, ಕಾರು ಪ್ರೇಮಿಗಳಿಗೆ ಒಂದು ದಾರಿ ಬೇಕಿತ್ತು. ನನ್ನ ತಕರಾರು ಬೇರೆ. 1972ರ ಮೊದಲ ಲೂನಾ 50 ದಾಟಿದೆ. 1988ರದ್ದೋ 1995ರದ್ದೋ ದಾಟಿಲ್ಲ. ನಮ್ಮಲ್ಲಿರುವುದು ಹೆಚ್ಚಾಗಿ ಇಂಥವೇ. ಅವು ವಿಂಟೇಜ್ ಆಗಲು ಕಾಯಬೇಕು, ಕಾದು ಆದ ಮೇಲೆ ಹಾಲು ಒಯ್ಯುವಂತಿಲ್ಲ. ಕೆಲಸ ಮಾಡುವ ಹಳೇ ಗಾಡಿಗೆ ನಿಯಮದಲ್ಲಿ ಜಾಗವೇ ಇಲ್ಲ.

ಇದರ ಪರಿಣಾಮ ಏನು? ಆರ್‌ಸಿ ಮುಗಿದ ಗಾಡಿಗಳು ತೋಟದೊಳಗೆ, ಪಂಚಾಯತ್ ರಸ್ತೆಯಲ್ಲಿ ಸುಮ್ಮನೆ ಓಡುತ್ತವೆ. ಕಡಬ 2018ರಲ್ಲಿ ಹೊಸ ತಾಲೂಕು ಆಯಿತಾದರೂ ಆರ್‌ಟಿಓ ಕೆಲಸಕ್ಕೆ ಅಲ್ಲಿಯವರೂ ಸುಳ್ಯದವರೂ ಕೆಎ-21ರ ಪುತ್ತೂರಿಗೇ ಬರಬೇಕು. ಸುಬ್ರಹ್ಮಣ್ಯದ ಆಚೆಯವನು ಓಡದ ಲೂನಾವನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಪುತ್ತೂರಿಗೆ ಬಂದು, ಫೀಸು ಕಟ್ಟಿ, ತಪಾಸಣೆ ಮುಗಿಸಿ ಹೋಗುತ್ತಾನೆ ಅಂತ ಯಾರಾದರೂ ನಂಬಿದ್ದರೆ ಅವರು ಈ ಕಡೆಗೆ ಬಂದವರಲ್ಲ. ಆರ್‌ಸಿ ಇಲ್ಲ, ಹಾಗಾಗಿ ವಿಮೆ ಇಲ್ಲ. ವಿಮೆ ಇಲ್ಲದ ಗಾಡಿ ಶಾಲೆಗೆ ಹೋಗುವ ಮಗುವಿಗೆ ತಾಗಿತು ಅಂತಿಟ್ಟುಕೊಳ್ಳಿ. ಆ ಮನೆಗೆ ವಿಮಾ ಪರಿಹಾರವಿಲ್ಲ. ಗಾಡಿಯವನು ತೋಟ ಅಡವಿಟ್ಟು ಕೊಡಬೇಕು. ಎರಡು ಮನೆ ಒಟ್ಟಿಗೆ ಮುಳುಗುತ್ತವೆ. ಸವೆದ ಬ್ರೇಕ್ ಶೂ, ಸಿಗದ ಕ್ಲಚ್ ಶೂ ಅಂದರೆ ನನಗೆ ಕಾಣುವುದು ಇದು. ಹಳೇ ಗಾಡಿಯ ಮೋಹದ ಮಾತಲ್ಲ.

ಈಗ ಇನ್ನೊಂದು ಹೊರೆ ಸೇರಿದೆ, ಪೆಟ್ರೋಲು. ಶೇ. 20 ಎಥೆನಾಲ್ ಬೆರೆಸುವ ಗುರಿ ಮೊದಲು 2030ಕ್ಕೆ ಇತ್ತು, ಅದನ್ನು ಹಿಂದಕ್ಕೆ ತಂದು 2025ರಲ್ಲೇ ಮುಟ್ಟಿದರು. ಬಂಕಿನಲ್ಲಿ ಹಳೇ ಗಾಡಿಗೆ ಬೇರೆ ಪೈಪು ಇಲ್ಲ. ಎಥೆನಾಲ್ ನೀರನ್ನು ಎಳೆದುಕೊಳ್ಳುವ ದ್ರವ. ನಮ್ಮ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಯಲ್ಲಿ, ಹದಿನೈದು ದಿನ ನಿಂತ ಟ್ಯಾಂಕಿನಲ್ಲಿ ಅದು ಏನು ಮಾಡುತ್ತದೆ ಅಂತ ಕಾರ್ಬರೇಟರ್ ಬಿಚ್ಚಿದವರನ್ನು ಕೇಳಿ. ಹಳೇ ರಬ್ಬರ್ ಪೈಪು ಉಬ್ಬುತ್ತದೆ, ವಾಷರ್ ಮೆತ್ತಗಾಗುತ್ತದೆ, ನೀರು ಕೆಳಗೆ ಕೂತರೆ ಬೆರೆಸಿದ ಟು-ಟಿ ಆಯಿಲ್ ಇದ್ದೂ ಇಲ್ಲದ ಹಾಗೆ. ಟು-ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ತಪ್ಪಿದರೆ ಮೊದಲು ಹೋಗುವುದು ಪಿಸ್ಟನ್. ಸಿಗದೇ ಇರುವ ಸಾಮಾನು ಕೂಡಾ ಅದೇ. ಎಥೆನಾಲ್ ಬೇಡ ಅಂತ ನಾನು ವಾದಿಸುತ್ತಿಲ್ಲ. ಬದಲಾವಣೆಯ ಖರ್ಚನ್ನು ಹಳೇ ಗಾಡಿಯವನ ತಲೆಗೆ ಹಾಕಿ, ಅವನಿಂದಲೇ ದುಪ್ಪಟ್ಟು ಫೀಸು ವಸೂಲಿ ಮಾಡುವುದು ನ್ಯಾಯವಾ ಅಂತ ಕೇಳುತ್ತಿದ್ದೇನೆ.

ಹೊಗೆಯ ವಾದ ನನಗೂ ಗೊತ್ತು. ಟು-ಸ್ಟ್ರೋಕ್ ಹೊಗೆ ಕೆಟ್ಟದ್ದೇ. ಆದರೆ ಅದೇ ಟು-ಸ್ಟ್ರೋಕ್ ಎಂಜಿನ್ ಕಳೆ ಕೊಚ್ಚುವ ಯಂತ್ರದ ರೂಪದಲ್ಲಿ ಅಡಿಕೆ ತೋಟಗಳಲ್ಲಿ ಹೆಗಲೇರಿ ಕೂತಿದೆ. ಬಂಟ್ವಾಳದ ಸಜಿಪಮೂಡದ ಗಣಪತಿ ಭಟ್ಟರ ಮರ ಹತ್ತುವ ಸ್ಕೂಟರಿನಲ್ಲಿ ಇರುವುದೂ ಆ ಯಂತ್ರದ ಎಂಜಿನ್ನೇ. ನಮ್ಮಲ್ಲಿ ಮಾರಾಟವಾಗುವ ಓಲಿಯೋ-ಮ್ಯಾಕ್ ಕೂಡಾ ಇಟಲಿಯ ಬ್ರ್ಯಾಂಡು. ಅದಕ್ಕೆ ಸಾಮಾನು ಇದೆ, ರಿಪೇರಿಯವರಿದ್ದಾರೆ. ಅಂದರೆ ಸಣ್ಣ ಟು-ಸ್ಟ್ರೋಕ್ ಎಂಜಿನ್ನಿನ ವಿದ್ಯೆ ಈ ಮೂರು ತಾಲೂಕಿನಲ್ಲಿ ಸತ್ತಿಲ್ಲ. ಇಲ್ಲದಿರುವುದು ನಕ್ಷೆ.

ನಕ್ಷೆಯ ಮಾತು ಬಂದಾಗ ಸ್ಕೂಟರ್ಸ್ ಇಂಡಿಯಾ ನೆನಪಾಗುತ್ತದೆ. ಲ್ಯಾಂಬ್ರೆಟ್ಟಾ ಸ್ಕೂಟರು ಮಾಡುತ್ತಿದ್ದ ಮಿಲಾನಿನ ಇನ್ನೊಚೆಂಟಿ ಕಂಪೆನಿಯ ಯಂತ್ರಗಳನ್ನೂ ಹಕ್ಕನ್ನೂ ಕೊಂಡು ಲಖನೌದಲ್ಲಿ 1972ರಲ್ಲಿ ಕಟ್ಟಿದ ಸಾರ್ವಜನಿಕ ಉದ್ದಿಮೆ ಅದು. ವಿಜಯ್ ಸೂಪರ್ ಬಂದದ್ದು ಅಲ್ಲಿಂದ. 1997ರಲ್ಲಿ ಸ್ಕೂಟರ್ ನಿಂತಿತು, 2021ರಲ್ಲಿ ಕಂಪೆನಿಯನ್ನೇ ಮುಚ್ಚುವ ತೀರ್ಮಾನವಾಯಿತು. ಒಂದು ಇಟಾಲಿಯನ್ ಸ್ಕೂಟರಿನ ಪ್ರತಿ ನಟ್ಟಿನ ಅಳತೆ ಜನರ ದುಡ್ಡಿನಲ್ಲಿ ಕೊಂಡ ಆಸ್ತಿಯಾಗಿತ್ತು. ಅದನ್ನು ದೇಶದ ಐಟಿಐಗಳಿಗೆ ಹಂಚಿದ್ದರೆ ಯಾರ ಗಂಟು ಹೋಗುತ್ತಿತ್ತು?

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ 'ರಿಪೇರಿಯ ಹಕ್ಕು' ಕುರಿತು ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲು, ಮನೆಬಳಕೆ ಯಂತ್ರ, ವಾಹನ ಎಂಬ ನಾಲ್ಕು ಕ್ಷೇತ್ರ ಗುರುತಿಸಿತು. ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಅಲ್ಲಿ ಸಿಗುವುದು ಇವತ್ತು ಮಾರುವ ಕಂಪೆನಿಗಳ ಸರ್ವೀಸ್ ಮಾಹಿತಿ. ತಯಾರಿಕೆ ನಿಂತ ವಾಹನದ ಬಗ್ಗೆಯೇ ಹೆಚ್ಚು ಯೋಚಿಸಬೇಕಿತ್ತು. ನನ್ನ ಬೇಡಿಕೆ ದೊಡ್ಡದಲ್ಲ. ಕಂಪೆನಿಯೊಂದು ಮಾಡೆಲ್ ನಿಲ್ಲಿಸಿ, ಇಂತಿಷ್ಟು ವರ್ಷದ ನಂತರ ಸಾಮಾನನ್ನೂ ನಿಲ್ಲಿಸುವುದಾದರೆ, ಆ ಸಾಮಾನಿನ ನಕ್ಷೆಯನ್ನು ಯಾರು ಬೇಕಾದರೂ ತಯಾರಿಸಲು ಬಿಟ್ಟುಕೊಡಲಿ. ಮತ್ತು 2,000 ರೂಪಾಯಿ ಕೇಳುವ ಸಾರಿಗೆ ಇಲಾಖೆ ತಾಲೂಕಿಗೆ ವರ್ಷಕ್ಕೆರಡು ಸಲವಾದರೂ ಬಂದು ತಪಾಸಣೆ ನಡೆಸಲಿ. ಜಾತ್ರೆಗೆ ವಿಶೇಷ ಬಸ್ಸು ಬಿಡುವ ಸರ್ಕಾರಕ್ಕೆ ಇದು ಕಷ್ಟವಾಗಬಾರದು.

ಕಾಯುವಷ್ಟು ಹೊತ್ತು ನಾವು ಮಾಡಬಹುದಾದ್ದೂ ಇದೆ. ಕ್ಯಾಂಪ್ಕೊ ಮತ್ತು ವಿವೇಕಾನಂದ ಇಂಜಿನಿಯರಿಂಗ್ ಕಾಲೇಜು ಸೇರಿ ಪುತ್ತೂರಿನ ನೆಹರುನಗರದಲ್ಲಿ ಕೃಷಿ ಯಂತ್ರ ಮೇಳ ನಡೆಸಿವೆ. ಹೊಸ ಯಂತ್ರ ನೋಡಲು ಮೂರು ತಾಲೂಕೂ ಅಲ್ಲಿಗೆ ಹೋಗುತ್ತದೆ. ಮುಂದಿನ ಸಲ ಒಂದು ಮಳಿಗೆ ಹಳೇ ಸಾಮಾನಿಗೆ ಇಡಲಿ. ಅಟ್ಟದಲ್ಲಿರುವ ಲೂನಾದ ಮುರಿದ ಗೇರು, ಸವೆದ ಪಿಸ್ಟನ್ ಜನ ತರಲಿ, ಕಾಲೇಜಿನ ಹುಡುಗರು ವರ್ನಿಯರ್ ಹಿಡಿದು ಅಳತೆ ಬರೆದು ಎಲ್ಲರಿಗೂ ಸಿಗುವ ಹಾಗೆ ಹಾಕಲಿ. ನಮ್ಮ ಮೆಕ್ಯಾನಿಕ್ ಹೇಳುವ ಲೆಕ್ಕ ಸರಳ: ಲೇತಿನಲ್ಲಿ ಒಂದು ಗೇರು ಮಾಡಿಸುವುದು ದುಬಾರಿ, ಹತ್ತು ಒಟ್ಟಿಗೆ ಮಾಡಿಸಿದರೆ ಅಲ್ಲ. ಹತ್ತು ಲೂನಾದವರ ಹೆಸರು ಬೇಕು ಅಂದ. ಬೆಳ್ಳಾರೆಯಿಂದ ಇಬ್ಬರು, ಆಲಂಕಾರಿನಿಂದ ಒಬ್ಬರು, ನಾನು ಸೇರಿ ನಾಲ್ಕು ಆಗಿದ್ದೇವೆ.